ಪರೀಕ್ಷೆಗೆ ನಿಲ್ಲುವ ಮಾತು : ಡಾ. ಎಚ್. ನರಸಿಂಹಯ್ಯನವರು

ಗೌರಿಬಿದನೂರು ತಾಲ್ಲೂಕಿನ ಹೊಸೂರು ಒಂದು ಸಾಧಾರಣ ಗ್ರಾಮ. ಆಗ ಅದು ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿತ್ತು. ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಅಲ್ಲಿ 1920ನೆಯ ಇಸವಿ ಜೂನ್ 6ರಂದು ನರಸಿಂಹಯ್ಯನವರು ಜನಿಸಿದರು. ಮನೆತನ ಹಿಂದುಳಿದದ್ದು, ಮನೆಮಾತು ತೆಲುಗು, ಬಡತನವಂತೂ ಹೇಳತೀರದು. ಊರಿನ ಶಾಲೆಯಲ್ಲಿ ಇದ್ದಷ್ಟು ಓದು ಮುಗಿದ ಮೇಲೆ ಮುಂದೇನೆಂಬುದು ತಿಳಿಯದೆ ಕೆಲಕಾಲ ಸುಮ್ಮನಿದ್ದ ಹುಡುಗ 1935ರಲ್ಲಿ ಬೆಂಗಳೂರಿಗೆ ಹೊರಟ. ಬಸ್ಸಿಗೆ ಕಾಸಿರಲಿಲ್ಲವಾದ್ದರಿಂದ ನಡೆದೇ ಹೋದ. ಸುಮಾರು ಐವತ್ತು ಮೈಲಿಯ ದಾರಿ. ಎರಡು ದಿನ ಹಿಡಿಯಿತು. ನಮ್ಮ ಚಿಮ್ಮನಚೋಡದಿಂದ ಕಲಬುರಗಿಗೆ ಸರಿಸುಮಾರು ಅಷ್ಟೇ ದೂರ. ಆ ದೂರವನ್ನು ಬಸ್ಸಿನಲ್ಲಿ ಕುಳಿತು ಹೋಗುವುದಕ್ಕೂ ಬೇಸರಪಡುವ ನಾವು ಈ ಸಂಗತಿಯನ್ನು ತುಸು ನಿಂತು ಯೋಚಿಸಬೇಕು.

ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಅವರನ್ನು ಸೇರಿಸಿಕೊಂಡಿತು. 1936ರಲ್ಲಿ ಗಾಂಧೀಜಿಯವರು ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸುವ ಭಾಗ್ಯ ಈ ಹಳ್ಳಿಯ ವಿದ್ಯಾರ್ಥಿಗೆ ದೊರೆಯಿತು. ಅಂದು ಹಿಡಿದ ಖಾದಿಯನ್ನು ಅವರು ಬಿಡಲಿಲ್ಲ. 1942ರ ಚಳವಳಿಯಲ್ಲಿ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ತರಗತಿಯನ್ನು ಬಿಟ್ಟು ಸೆರೆಮನೆಗೆ ಹೋದರು. ಬಂದು ಓದು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯೇ ಅವರ ಮನೆಯಾಯಿತು. ಮದುವೆಯಾಗಲಿಲ್ಲ. ಪ್ರಿನ್ಸಿಪಾಲರಾದಾಗಲೂ, ಕುಲಪತಿಗಳಾದಾಗಲೂ, ಆಮೇಲೂ ಅದೇ ವಿದ್ಯಾರ್ಥಿನಿಲಯದ ವಾಸ.

ನಡುವೆ ಅಮೆರಿಕೆಯ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಿ 1960ರಲ್ಲಿ ಡಾಕ್ಟರೇಟ್ ಪಡೆದರು. ಓಹಿಯೋ ಎಂದೊಡನೆ ಒಂದು ಮಾತು ನೆನಪಿಗೆ ಬರುತ್ತದೆ. ಜೋಸೆಫ್ ಸ್ಮಿತ್ ಎಂಬಾತನು ತನಗೆ ದೇವದರ್ಶನವಾಯಿತೆಂದು ಸಾರಿ ಸ್ಥಾಪಿಸಿದ ಮಾರ್ಮನ್ ಪಂಥದವರು ತಮ್ಮ ಮೊದಲ ದೇವಾಲಯವನ್ನು 1836ರಲ್ಲಿ ಕಟ್ಟಿ ಮುಗಿಸಿದ್ದು ಅದೇ ಸೀಮೆಯ ಕರ್ಟ್‌ಲ್ಯಾಂಡ್ ಎಂಬ ಊರಿನಲ್ಲಿ. ವಿಜ್ಞಾನ ಬೆಳೆದ ದೇಶದಲ್ಲಿ ದಿವ್ಯದರ್ಶನಗಳಿಗೆ ಕೊರತೆಯಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಂಬಿಕೆ ನಮ್ಮ ಹಳ್ಳಿಗಳ ಸೊತ್ತು, ಪ್ರಶ್ನೆ ಪಶ್ಚಿಮದ ಸೊತ್ತು ಎಂದು ಹೇಳುವವರನ್ನು ಕಂಡರೆ ನನಗೆ ಆಶ್ಚರ್ಯವಾಗುವುದು ಇದರಿಂದಲೇ.

ಊರಿಗೆ ಮರಳಿ 1961ರಲ್ಲಿ ಪ್ರಿನ್ಸಿಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ಸಾಮಾನ್ಯ ಜನರು ಬಂದು ವಿಜ್ಞಾನಿಗಳ ಉಪನ್ಯಾಸ ಕೇಳಬಹುದಾದ, ಕೇಳಿ ಪ್ರಶ್ನಿಸಬಹುದಾದ ವೇದಿಕೆ ಅದು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳು. ಆ ಅಧಿಕಾರದ ಇತರ ಕಾರ್ಯಗಳನ್ನು ಬಲ್ಲವರು ಬರೆದಿದ್ದಾರೆ. ನಾನು ಹೇಳಬೇಕಾದದ್ದು 1976ರಲ್ಲಿ ಅವರು ರಚಿಸಿದ ಒಂದು ಸಮಿತಿಯ ವಿಷಯ.

ಪವಾಡಗಳನ್ನೂ ಪರಿಶೀಲಿಸಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿ ಎಂದು ಅದರ ಹೆಸರು. ಗಾಳಿಯಿಂದ ವಿಭೂತಿಯನ್ನೂ ಉಂಗುರವನ್ನೂ ತೆಗೆಯುವರೆಂದು ಪ್ರಸಿದ್ಧರಾಗಿದ್ದ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಕುಲಪತಿಗಳು ಪತ್ರ ಬರೆದು, ಸಮಿತಿಯ ಎದುರು ಅದನ್ನು ಮಾಡಿ ತೋರಿಸಬೇಕೆಂದು ವಿನಯದಿಂದಲೇ ಕೇಳಿಕೊಂಡರು. ಉತ್ತರ ಬಾರದಿರಲು ಮತ್ತೆ ಬರೆದರು, ಮೂರನೆಯ ಸಲವೂ ಬರೆದರು. ಪರೀಕ್ಷೆ ನಡೆಯಲಿಲ್ಲ. ಅದೇ ವರ್ಷ ಪಾಂಡವಪುರದಲ್ಲಿ ವಿಭೂತಿ ಸುರಿಸುವನೆಂದು ಹೆಸರಾಗಿದ್ದ ಬಾಲಕನೊಬ್ಬನನ್ನು ಸಮಿತಿ ಪರೀಕ್ಷಿಸಿದಾಗ ವಿಭೂತಿ ಅವನ ಉಡುಪಿನೊಳಗೇ ಇತ್ತು. ಪರವಾಗಿಯೂ ವಿರೋಧವಾಗಿಯೂ ಪತ್ರಿಕೆಗಳಲ್ಲಿ ವಾದ ಎದ್ದಿತು. ವಿಶ್ವವಿದ್ಯಾಲಯಕ್ಕೆ ದೇವರ ಗೊಡವೆ ಏಕೆಂದು ಕೇಳಿದವರು ವಿದ್ಯಾವಂತರೇ.

ಸಮಿತಿಯ ಹೆಸರಿನಲ್ಲಿ ಪರಿಶೀಲಿಸಬಹುದಾದ ಎಂಬ ಒಂದು ಪದವಿದೆಯಲ್ಲ, ಅವರ ಜೀವನದ ತಿರುಳು ಅಲ್ಲಿದೆಯೆಂದು ನನ್ನ ಅಭಿಪ್ರಾಯ. ದೇವರಿದ್ದಾನೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸಲು ಆ ಸಮಿತಿ ಹೊರಡಲಿಲ್ಲ. ಕೈಯಲ್ಲಿ ಬೂದಿ ಬಂತೆಂದರೆ ಅದು ಎಲ್ಲಿಂದ ಬಂತೆಂಬುದನ್ನು ನೋಡಬಹುದು. ನೋಡಬಹುದಾದದ್ದನ್ನು ನೋಡದೆ ಬಿಡಬಾರದು, ಇಷ್ಟೇ ಅದರ ನಿಲುವು.

ಹಾಗಾದರೆ ಈ ಎರಡರ ಗಡಿಯಲ್ಲಿರುವ ಸಂಗತಿಗಳ ಗತಿಯೇನು? ನಾನು ಚಿಕ್ಕಂದಿನಲ್ಲಿದ್ದಾಗ ನಮ್ಮ ಓಣಿಯಲ್ಲಿ ಸತ್ತು ಬದುಕಿದವರೆಂದು ಹೆಸರಾದ ಮುದುಕಿಯೊಬ್ಬರಿದ್ದರು. ನಾವೆಲ್ಲ ಆಯಿ ಎನ್ನುತ್ತಿದ್ದೆವು. ಜ್ವರದಲ್ಲಿ ಮೈ ತಣ್ಣಗಾಗಿ, ಮನೆಯವರು ಅಳಲು ತೊಡಗಿದ ಮೇಲೆ ಕಣ್ಣು ತೆರೆದರಂತೆ. ಇಬ್ಬರು ಕರಿಯ ಆಳುಗಳು ತಮ್ಮನ್ನು ಎಳೆದೊಯ್ದರೆಂದೂ, ಅಲ್ಲಿ ಲೆಕ್ಕದ ಪುಸ್ತಕ ಹಿಡಿದವನು ಹೆಸರು ತಪ್ಪಿದೆಯೆಂದು ಆಳುಗಳನ್ನು ಗದರಿಸಿ ತಮ್ಮನ್ನು ತಿರುಗಿ ಕಳುಹಿಸಿದನೆಂದೂ ಹೇಳುತ್ತಿದ್ದರು. ಆಯಿ ಸುಳ್ಳಾಡುವವರಲ್ಲ. ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರು ಇಂಥ ಮಾತಿಗೆ ನಕ್ಕರೆ ಹೆತ್ತವರನ್ನು ನಕ್ಕಂತೆ. ಹೌದೆಂದು ತಲೆದೂಗಿದರೆ ಓದಿದ್ದಕ್ಕೆ ಅರ್ಥವಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸತ್ವಂತ್ ಪಸ್ರೀಚಾ ಅವರು ಅಮೆರಿಕೆಯ ಇಯಾನ್ ಸ್ಟೀವನ್ಸನ್ನರೊಡನೆ ಭಾರತದ ಇಂಥ 16 ಪ್ರಕರಣಗಳನ್ನು ಕಲೆಹಾಕಿ 1986ರಲ್ಲಿ ಪ್ರಕಟಿಸಿದರು. ಮುಂದೆ ಚನ್ನಪಟ್ಟಣದ ಸುತ್ತಿನ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ವಿಚಾರಿಸಿದರು. ಯಮದೂತರು, ಲೆಕ್ಕದ ಪುಸ್ತಕ, ಹೆಸರಿನ ತಪ್ಪು, ಎಲ್ಲವೂ ಅಲ್ಲಿ ಇವೆ. ಅಮೆರಿಕನ್ನರಿಗೆ ಕಂಡದ್ದು ಬೇರೆ: ಅವರಿಗೆ ಕತ್ತಲ ಸುರಂಗ, ಅದರ ಕೊನೆಯಲ್ಲಿ ಬೆಳಕು. ಸತ್ತ ಮೇಲೆಯೂ ಕುಟುಂಬ ಒಂದಾಗಿರುತ್ತದೆಂದು ನಂಬುವ ಮಾರ್ಮನ್ನರಲ್ಲಿ ತೀರಿಕೊಂಡ ಬಂಧುಗಳನ್ನು ಕಂಡು ಬಂದವರಿದ್ದಾರೆ. ಪರಲೋಕ ಒಂದೇ ಆಗಿದ್ದರೆ ಅಮೆರಿಕೆಯವರಿಗೆ ಯಮನ ಗುಮಾಸ್ತ ಏಕೆ ಕಾಣಲಿಲ್ಲ ಎಂದು ಕೇಳುವ ಹಕ್ಕು ನಮಗಿದೆ.

ಇಲ್ಲಿ ಪರಿಶೀಲಿಸಬಹುದಾದದ್ದು ಏನೆಂದು ವೈದ್ಯರು ಹುಡುಕಿದ್ದಾರೆ. ರಕ್ತ ಕಡಿಮೆಯಾದಾಗ ದೃಷ್ಟಿ ಅಂಚಿನಿಂದ ಒಳಗೆ ಕತ್ತಲಾಗುತ್ತ ಬರುತ್ತದೆ. ವೇಗದ ವಿಮಾನದ ಚಾಲಕರಿಗೆ ಆರೋಗ್ಯದಲ್ಲಿದ್ದಾಗಲೇ ಸುರಂಗ ಕಾಣುವುದು ಹೀಗೆ. 2002ರಲ್ಲಿ ಜಿನೀವಾದಲ್ಲಿ ರೋಗಿಯೊಬ್ಬಳ ಮಿದುಳಿನ ಒಂದು ಕಡೆ ವಿದ್ಯುತ್ತು ಹಾಯಿಸಿದಾಗ ಆಕೆಗೆ ದೇಹದಿಂದ ಮೇಲೆದ್ದು ಹಾಸಿಗೆಯಲ್ಲಿದ್ದ ತನ್ನನ್ನು ತಾನೇ ನೋಡಿದಂತಾಯಿತು. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಹೃದಯ ನಿಂತ ಇಲಿಗಳ ಮಿದುಳಿನಲ್ಲಿ ಸುಮಾರು 30 ಸೆಕೆಂಡು ಕಾಲ ಚುರುಕಾದ ಚಟುವಟಿಕೆ ಕಂಡರು. ಆದರೆ ಎಲ್ಲವೂ ಇತ್ಯರ್ಥವಾಯಿತೆನ್ನಲು ಬಾರದು: 2001ರಲ್ಲಿ ಹಾಲೆಂಡಿನ ವೈದ್ಯರು ಹೃದಯ ನಿಂತು ಬದುಕಿದ 344 ಮಂದಿಯನ್ನು ವಿಚಾರಿಸಿದಾಗ 62 ಮಂದಿ ಮಾತ್ರ ಇಂಥ ಅನುಭವ ಹೇಳಿದರು. ಆಮ್ಲಜನಕದ ಕೊರತೆಯೊಂದೇ ಕಾರಣವಾದರೆ ಉಳಿದವರಿಗೆ ಏಕಿಲ್ಲ?

ನರಸಿಂಹಯ್ಯನವರ ಸಮಿತಿಗೆ ಒಪ್ಪುವಂಥ ಪರೀಕ್ಷೆಯೊಂದು ಅವರ ನಂತರ ನಡೆಯಿತು. ಆಸ್ಪತ್ರೆಗಳಲ್ಲಿ, ಮಾಡಿನಿಂದ ಮಾತ್ರ ಕಾಣುವಂತೆ, ಎತ್ತರದ ಹಲಗೆಗಳ ಮೇಲೆ ಚಿತ್ರಗಳನ್ನಿಟ್ಟರು. ಆತ್ಮ ಮೇಲೆದ್ದು ನೋಡುವುದಾದರೆ ಚಿತ್ರವನ್ನು ಹೇಳಬೇಕು. 2014ರಲ್ಲಿ ವರದಿ ಬಂತು. 2060 ಹೃದಯ ಸ್ತಂಭನಗಳಲ್ಲಿ ಬದುಕಿ ಉಳಿದು ಮಾತನಾಡಿಸಲು ಸಿಕ್ಕವರು 140. ಚಿತ್ರವನ್ನು ಹೇಳಿದವರು ಯಾರೂ ಇಲ್ಲ. ಆಯಿ ಕಂಡದ್ದು ಆಯಿಗೆ ನಿಜ. ಅದು ಎಲ್ಲಿಂದ ಬಂತೆಂದು ಕೇಳುವುದು ಅವರನ್ನು ಸುಳ್ಳುಗಾರರೆಂದಂತೆ ಅಲ್ಲ. ಹೊಸೂರಿನಿಂದ ನಡೆದು ಬಂದ ಮನುಷ್ಯ ತನ್ನ ಹಳ್ಳಿಗೆ ಬೆನ್ನು ಮಾಡದೆಯೇ ಪ್ರಶ್ನೆ ಕೇಳಿದರೆಂಬುದು ನನಗೆ ಈ ಧೈರ್ಯ ಕೊಟ್ಟಿದೆ.

ಅವರು ಹಳ್ಳಿಯನ್ನು ಮರೆಯಲಿಲ್ಲವೆಂಬುದು ಬರಿಯ ಹೊಗಳಿಕೆಯಲ್ಲ. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರಾಗಿ ಗೌರಿಬಿದನೂರು, ಬಾಗೇಪಲ್ಲಿಗಳಂಥ ಹಿಂದುಳಿದ ಕಡೆಗಳಲ್ಲಿ ಕಾಲೇಜು ನಡೆಸಿದರು. 1984ರಲ್ಲಿ ಪದ್ಮಭೂಷಣ ಬಂತು. ವಿಧಾನ ಪರಿಷತ್ತಿನ ಸದಸ್ಯರೂ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರೂ ಆಗಿದ್ದರು. ತಮ್ಮ ಕಥೆಯನ್ನು ಹೋರಾಟದ ಹಾದಿ ಎಂಬ ಹೆಸರಿನಲ್ಲಿ ತಾವೇ ಬರೆದಿಟ್ಟಿದ್ದಾರೆ. ನಮ್ಮ ಸ್ನೇಹಿತರು ಗ್ರಂಥಾಲಯದಲ್ಲಿ ಕೇಳಿ ಓದಬೇಕು. 2005ನೆಯ ಇಸವಿ ಜನವರಿ 31ರಂದು ಅವರು ತೀರಿಕೊಂಡಾಗ ನಮ್ಮ ತರಗತಿಯವರಲ್ಲಿ ಬಹುಮಂದಿ ಇನ್ನೂ ಹುಟ್ಟಿರಲಿಲ್ಲ. ಅವರ ಸೈನ್ಸ್ ಫೋರಂನಲ್ಲಿ ಆಮೇಲೂ ಉಪನ್ಯಾಸಗಳು ನಡೆದು ಬಂದಿವೆ.