ನೈಲ್ ನದಿಗೆ ಸೋತು ಬೆಳಕನ್ನು ಅರಿತ ಇಬ್ನುಲ್ ಹೈಸಮ್

ಹಗಲಿನಲ್ಲಿ ನಕ್ಷತ್ರಗಳು ಎಲ್ಲಿಗೆ ಹೋಗುತ್ತವೆ ಎಂದು ಮಕ್ಕಳು ಕೇಳುವುದುಂಟು. ಇದ್ದಲ್ಲಿಯೇ ಇರುತ್ತವೆ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಹಾಗಾದರೆ ಕಣ್ಣಿಗೆ ಯಾಕೆ ಕಾಣುವುದಿಲ್ಲ? ಈ ಪ್ರಶ್ನೆಯನ್ನು ಬಿಡದೆ ಹಿಂಬಾಲಿಸಿದ ವಿದ್ವಾಂಸರೊಬ್ಬರು ಸಾವಿರ ವರ್ಷಗಳ ಹಿಂದೆ ಕೈರೋದಲ್ಲಿದ್ದರು.

ಅಬೂ ಅಲಿ ಅಲ್ ಹಸನ್ ಇಬ್ನುಲ್ ಹೈಸಮ್ ಕ್ರಿ.ಶ. 965ರ ಸುಮಾರಿಗೆ, ಅಂದರೆ ಹಿಜರಿ 354ರಲ್ಲಿ, ಇರಾಕಿನ ಬಸರಾದಲ್ಲಿ ಜನಿಸಿದರು. ಯುರೋಪಿನವರು ಅವರನ್ನು ಅಲ್‌ಹಾಜೆನ್ ಎಂದು ಕರೆದರು. ಗಣಿತದಲ್ಲಿ ಅವರು ಬೇಗನೆ ಹೆಸರಾದರು. ತಾನು ಈಜಿಪ್ಟಿನಲ್ಲಿದ್ದರೆ ಪ್ರವಾಹವಿರಲಿ ಬರವಿರಲಿ ನೈಲ್ ನದಿ ಜನರಿಗೆ ಉಪಯೋಗವಾಗುವಂತೆ ಮಾಡುತ್ತಿದ್ದೆನೆಂದು ಅವರು ಹೇಳಿದ್ದರಂತೆ. ಆ ಮಾತು ಫಾತಿಮಿ ಖಲೀಫ ಅಲ್ ಹಾಕಿಮ್‌ನ ಕಿವಿಗೆ ಬಿತ್ತು. ಖಲೀಫನು ಅವರನ್ನು ಕರೆಸಿಕೊಂಡನು. ಕೈರೋ ನಗರದ ಹೊರಗೆ ಬಂದು ತಾನೇ ಎದುರುಗೊಂಡನು.

ಕೆಲಸಗಾರರ ದಂಡಿನೊಡನೆ ಅವರು ಅಸ್ವಾನ್‌ವರೆಗೆ ಹೋದರು. ದಾರಿಯುದ್ದಕ್ಕೂ ಪ್ರಾಚೀನ ಈಜಿಪ್ಟಿನವರ ಕಟ್ಟಡಗಳು ಕಣ್ಣಿಗೆ ಬಿದ್ದವು. ಇಷ್ಟು ಕರಾರುವಾಕ್ಕಾಗಿ ಕಟ್ಟಿದವರಿಗೆ ನದಿಯನ್ನು ಪಳಗಿಸುವ ವಿದ್ಯೆ ಸಾಧ್ಯವಿದ್ದಿದ್ದರೆ ಅವರೇ ಅದನ್ನು ಮಾಡದೆ ಬಿಡುತ್ತಿದ್ದರೇ ಎಂಬ ಯೋಚನೆ ಅವರನ್ನು ಕಾಡಿತು. ಬಂಡೆಗಳ ನಡುವೆ ನದಿ ಇಳಿದು ಬರುವ ಜಾಗವನ್ನು ಪರೀಕ್ಷಿಸಿದಾಗ ತಮ್ಮ ಯೋಜನೆ ನಡೆಯದೆಂಬುದು ಖಚಿತವಾಯಿತು. ಮರಳಿ ಬಂದು ಖಲೀಫನ ಮುಂದೆ ಅದನ್ನು ಒಪ್ಪಿಕೊಂಡರು. ಅಸ್ವಾನ್‌ನ ದೊಡ್ಡ ಅಣೆಕಟ್ಟು ಮುಗಿದದ್ದು 1970ರಲ್ಲಿ, ಆ ಕಾಲದ ಯಾರ ಕೈಯಲ್ಲೂ ಇಲ್ಲದ ಯಂತ್ರಗಳಿಂದ.

ಅಲ್ ಹಾಕಿಮ್ ಯಾರ ಮೇಲೆ ಯಾವಾಗ ಮುನಿಯುವನೆಂದು ಹೇಳುವಂತಿರಲಿಲ್ಲ. ಅಧಿಕಾರಿಗಳ ತಲೆ ಉರುಳುವುದು ಅವನ ಆಸ್ಥಾನದಲ್ಲಿ ಹೊಸದಲ್ಲ. ಅವನು ಕೊಟ್ಟ ಹುದ್ದೆಯನ್ನು ಭಯದಿಂದಲೇ ಒಪ್ಪಿಕೊಂಡ ಇಬ್ನುಲ್ ಹೈಸಮ್, ಕೊನೆಗೆ ಹುಚ್ಚನಂತೆ ನಟಿಸಿದರೆಂದು ಇಬ್ನುಲ್ ಕಿಫ್ತಿ ಬರೆದಿದ್ದಾರೆ. ಆಸ್ತಿ ಹೋಯಿತು, ಮನೆಯೇ ಸೆರೆಮನೆಯಾಯಿತು. 1021ರಲ್ಲಿ ಖಲೀಫನು ಇಲ್ಲವಾಗುವವರೆಗೂ ಹೀಗೆಯೇ ನಡೆಯಿತು. ವಿದ್ವಾಂಸರಿಗೆ ಈ ನಟನೆ ತಕ್ಕುದೇ ಎಂದು ಕೆಲವು ಓದುಗರು ಕೇಳಬಹುದು. ಪ್ರಾಣ ಉಳಿಸಿಕೊಳ್ಳಲು ನಿರಂಕುಶನ ಮುಂದೆ ನಟಿಸಿದವರನ್ನು ದೂರಲು ನನಗಂತೂ ಮನಸ್ಸು ಬಾರದು. ಅದಕ್ಕೂ ಮೊದಲು, ಅದೇ ನಿರಂಕುಶನ ಮುಂದೆ ತನ್ನ ಮಾತು ತಪ್ಪಾಯಿತೆಂದು ಒಪ್ಪಿಕೊಂಡವರೂ ಅವರೇ ಅಲ್ಲವೇ?

ಅವರ ಮಹಾಗ್ರಂಥ ‘ಕಿತಾಬುಲ್ ಮನಾಝಿರ್’ ಏಳು ಸಂಪುಟಗಳದ್ದು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆಂದು ಯೂಕ್ಲಿಡ್ ಮತ್ತು ಟಾಲೆಮಿ ನಂಬಿದ್ದರು. ವಸ್ತುವಿನ ಬೆಳಕೇ ಕಣ್ಣಿಗೆ ಬರುತ್ತದೆಂದು ಇಬ್ನುಲ್ ಹೈಸಮ್ ತೋರಿಸಿಕೊಟ್ಟರು. ಬೆಳಕೊಂದಿದ್ದರೆ ಸಾಲದು ಎಂಬುದನ್ನೂ ಅವರು ಕಂಡುಕೊಂಡರು. ನಕ್ಷತ್ರದ ಬೆಳಕು ಹಗಲಿನಲ್ಲೂ ಕಣ್ಣಿಗೆ ಬೀಳುತ್ತದೆ. ಆದರೆ ಸುತ್ತಲಿನ ಆಕಾಶದ ಪ್ರಕಾಶದಲ್ಲಿ ಅದು ಬೇರೆಯಾಗಿ ತೋರುವುದಿಲ್ಲ. ಕತ್ತಲಲ್ಲಿ ಮಿನುಗುವ ಜೀವಿಗಳು ದೀಪ ತಂದೊಡನೆ ಮಂಕಾಗುತ್ತವೆ. ನಸುಬೆಳಕಿನಲ್ಲಿ ನುಣುಪಾಗಿ ಕಂಡ ವಸ್ತುವಿನ ಮೇಲೆ ಸೂಕ್ಷ್ಮ ಕೆತ್ತನೆಯಿರುವುದು ಬೆಳಕು ಹೆಚ್ಚಿದಾಗಲೇ ತಿಳಿಯುತ್ತದೆ. ಒಂದೇ ಬಣ್ಣದ ಚುಕ್ಕೆಗಳನ್ನು ಬಿಳಿಯ ಮೇಲೆ ಇಟ್ಟರೆ ಕಪ್ಪಾಗಿಯೂ ಕಪ್ಪಿನ ಮೇಲೆ ಇಟ್ಟರೆ ತಿಳಿಯಾಗಿಯೂ ತೋರುತ್ತವೆ. ಅಂದರೆ ಕಣ್ಣು ಅಳೆಯುವುದು ವಸ್ತುವಿಗೂ ಅದರ ಹಿನ್ನೆಲೆಗೂ ಇರುವ ವ್ಯತ್ಯಾಸವನ್ನು.

ಈ ವ್ಯತ್ಯಾಸವನ್ನು ಗುರುತಿಸುವ ಶಕ್ತಿಯನ್ನು ಇಂದಿನ ನೇತ್ರವೈದ್ಯರು ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ. ಸ್ನೆಲ್ಲನ್ 1862ರಲ್ಲಿ ರೂಪಿಸಿದ ಪರಿಚಿತ ಫಲಕದಲ್ಲಿ ಅಕ್ಷರಗಳು ಸಾಲಿನಿಂದ ಸಾಲಿಗೆ ಚಿಕ್ಕದಾಗುತ್ತವೆ. 1988ರಲ್ಲಿ ಬಂದ ಪೆಲ್ಲಿ-ರಾಬ್ಸನ್ ಫಲಕದಲ್ಲಿ ಅಕ್ಷರಗಳೆಲ್ಲ ಒಂದೇ ಗಾತ್ರ. ಮೂರು ಮೂರಾಗಿ ಮಸುಕಾಗುತ್ತಾ ಕೊನೆಗೆ ಬಿಳಿಯಲ್ಲಿ ಕರಗಿಹೋಗುತ್ತವೆ. ಒಂದು ಮೀಟರ್ ದೂರದಿಂದ ಓದಬೇಕು. ಪೊರೆ ಬರಲಾರಂಭಿಸಿದ ಅಥವಾ ಗ್ಲುಕೋಮಾ ಇರುವ ಕೆಲವರು ಮೊದಲನೆಯ ಫಲಕವನ್ನು ಚೆನ್ನಾಗಿಯೇ ಓದಿ ಎರಡನೆಯದರಲ್ಲಿ ತಡವರಿಸುತ್ತಾರೆ. ಮಗ್ರಿಬ್ ಹೊತ್ತಿಗೆ ಮೆಟ್ಟಿಲು ಕಾಣುವುದಿಲ್ಲವೆನ್ನುವ ತಂದೆಯನ್ನು, ಡಾಕ್ಟರು ಕಣ್ಣು ಸರಿಯಿದೆ ಎಂದಿದ್ದಾರಲ್ಲಾ ಎಂದು ಗದರುವ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಆ ವೃದ್ಧರು ನೆವ ಹೇಳುತ್ತಿಲ್ಲ.

ಟಾಲೆಮಿಯಂತಹ ಘನ ವಿದ್ವಾಂಸರ ತಪ್ಪುಗಳನ್ನು ಪಟ್ಟಿ ಮಾಡಲೆಂದೇ ಇಬ್ನುಲ್ ಹೈಸಮ್ ಒಂದು ಪುಸ್ತಕ ಬರೆದರು. ಸತ್ಯವನ್ನು ಅರಸುವವನು ಹಿರಿಯರ ಬರಹವನ್ನು ಎಲ್ಲ ಕಡೆಯಿಂದಲೂ ಪ್ರಶ್ನಿಸಬೇಕು, ಹಾಗೆ ಪ್ರಶ್ನಿಸುವಾಗ ತನ್ನನ್ನೂ ಸಂಶಯಿಸಬೇಕು ಎಂಬುದು ಅದರ ಮುನ್ನುಡಿಯ ಸಾರ. ಅವರ ದೃಷ್ಟಿಶಾಸ್ತ್ರ ಲ್ಯಾಟಿನಿಗೆ ಅನುವಾದವಾಗಿ ರೋಜರ್ ಬೇಕನ್‌ನ ಕೈಸೇರಿತು. 1572ರಲ್ಲಿ ಬಾಸೆಲ್‌ನಲ್ಲಿ ಮುದ್ರಣವಾಯಿತು. ಪರ್ಷಿಯಾದ ಕಮಾಲುದ್ದೀನ್ ಫಾರಿಸಿ ಅದಕ್ಕೆ ವಿಸ್ತಾರವಾದ ವ್ಯಾಖ್ಯಾನ ಬರೆದರು.

ಸೆರೆಯಿಂದ ಹೊರಬಂದ ಮೇಲೆ ಅವರು ಯಾವ ಆಸ್ಥಾನಕ್ಕೂ ಹೋಗಲಿಲ್ಲ. ಜಾಮಿಅ ಅಲ್ ಅಝ್‌ಹರ್‌ನ ಬಾಗಿಲ ಬಳಿ ಒಂದು ಗುಮ್ಮಟದ ಕೋಣೆಯಲ್ಲಿ ನೆಲೆಸಿದರು. ವರ್ಷಕ್ಕೊಮ್ಮೆ ಯೂಕ್ಲಿಡ್, ಟಾಲೆಮಿ ಮುಂತಾದವರ ಗಣಿತ ಗ್ರಂಥಗಳನ್ನು ಸ್ವಂತ ಕೈಯಿಂದ ಪ್ರತಿ ಮಾಡಿ ಮಾರುತ್ತಿದ್ದರು. 150 ದೀನಾರ್ ಬರುತ್ತಿತ್ತು. ಹಿಜರಿ 430ರ ಸುಮಾರಿಗೆ ಕೈರೋದಲ್ಲಿಯೇ ತೀರಿಕೊಳ್ಳುವವರೆಗೆ ಅವರ ಸಂಸಾರ ಅಷ್ಟರಲ್ಲಿಯೇ ಸಾಗಿತು.