ಫ್ಲೋಬೇರನೂ ಒಂದು ರಾತ್ರಿಯ ನೃತ್ಯಕೂಟವೂ

ಫ್ರೆಂಚ್ ಕಾದಂಬರಿಗಳನ್ನು ಓದಿದವರಿಗೆ ನೃತ್ಯಕೂಟಗಳು ಹೊಸತಲ್ಲ. ಪಿಟೀಲಿನ ನಾದಕ್ಕೆ ಸ್ತ್ರೀಪುರುಷರು ಜೊತೆಗೂಡಿ ಕುಣಿಯುವ ಈ ಕೂಟಗಳು ಅಲ್ಲಿನ ಸಿರಿವಂತರಿಗೆ ವಿನೋದವೂ ಹೌದು, ವಧೂವರಾನ್ವೇಷಣೆಯ ಪೇಟೆಯೂ ಹೌದು. ಆದರೆ ಒಂದು ರಾತ್ರಿಯ ಕುಣಿತಕ್ಕೆ ತೆರಬೇಕಾದ ಬೆಲೆಯನ್ನು ಗುಸ್ತಾವ್ ಫ್ಲೋಬೇರನಷ್ಟು ನಿಷ್ಠುರವಾಗಿ ಲೆಕ್ಕಹಾಕಿದವರು ವಿರಳ.

ಆತನು ಹುಟ್ಟಿದುದು 1821ರ ಡಿಸೆಂಬರ್ 12ರಂದು, ನಾರ್ಮಂಡಿ ಪ್ರಾಂತದ ರೂಆನ್ ನಗರದಲ್ಲಿ. ತಂದೆ ಅಲ್ಲಿಯ ದೊಡ್ಡ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯ; ಸಂಸಾರದ ವಾಸವೂ ಆಸ್ಪತ್ರೆಯ ಕಟ್ಟಡದಲ್ಲಿಯೇ. ಶಾಲೆಯಲ್ಲಿ ಓದುತ್ತಿದ್ದಾಗ ಒಮ್ಮೆ ಜಮೀನುದಾರನೊಬ್ಬನ ಹಳ್ಳಿಯ ಬಂಗಲೆಯಲ್ಲಿ ನಡೆದ ನೃತ್ಯಕೂಟವನ್ನು ಆತನು ಕಂಡನು. ರಾತ್ರಿಯೆಲ್ಲ ನಿದ್ದೆಯಿಲ್ಲ, ಬೆಳಗ್ಗೆ ಶಾಲೆಯ ಉಡುಪಿನಲ್ಲಿಯೇ ಕೊಳದಲ್ಲಿ ಒಬ್ಬನೇ ದೋಣಿ ನಡೆಸಿದನು. ಆ ನೆನಪು ಈಜಿಪ್ಟಿನ ಪ್ರವಾಸದಲ್ಲಿಯೂ ಆತನನ್ನು ಬಿಡಲಿಲ್ಲ.

ಪ್ಯಾರಿಸಿನಲ್ಲಿ ಕಾನೂನು ಓದಲು ಹೋದನು; 1844ರಲ್ಲಿ ಮೂರ್ಛೆರೋಗ ತಗಲಿ ಓದು ನಿಂತಿತು. 1846ರಲ್ಲಿ ತಂದೆಯೂ ತಂಗಿಯೂ ತೀರಿಕೊಂಡರು. ತಾಯಿಯೊಡನೆ ಸೇನ್ ನದಿಯ ದಡದ ಕ್ರುವಾಸೆಯಲ್ಲಿ ನೆಲೆಸಿ, ತಾಯಿಯಿಲ್ಲದ ಮಗುವನ್ನು, ಎಂದರೆ ತಂಗಿಯ ಮಗಳನ್ನು, ಸಾಕುತ್ತ, 1851ರಲ್ಲಿ ‘ಮಾದಾಮ್ ಬೋವರಿ’ಯನ್ನು ಆರಂಭಿಸಿದನು. ಮುಗಿಸಲು ಸುಮಾರು ಐದು ವರ್ಷ ಹಿಡಿಯಿತು.

ಅದರ ನಾಯಿಕೆ ಎಮ್ಮಾ ರೈತನ ಮಗಳು, ಹಳ್ಳಿವೈದ್ಯನ ಹೆಂಡತಿ. ಮಾರ್ಕ್ವಿಸನ ಮನೆಯಿಂದ ಆಕೆಗೆ ಆಮಂತ್ರಣ ಬರುತ್ತದೆ. ಗಂಡನು ಅರ್ಥವಾಗದ ಇಸ್ಪೀಟಾಟವನ್ನು ನೋಡುತ್ತ ಗಂಟೆಗಟ್ಟಲೆ ನಿಂತಿರುವಾಗ ಆಕೆ ಶ್ರೀಮಂತನೊಬ್ಬನೊಡನೆ ವಾಲ್ಟ್ಸ್ ಕುಣಿಯುತ್ತಾಳೆ. ಸೆಕೆ ತಾಳದೆ ಆಳೊಬ್ಬನು ಕುರ್ಚಿ ಹತ್ತಿ ಕಿಟಕಿಯ ಗಾಜು ಒಡೆಯುತ್ತಾನೆ. ತಿರುಗಿ ನೋಡಿದರೆ, ಕತ್ತಲೆಯ ತೋಟದಲ್ಲಿ ಗಾಜಿಗೆ ಮುಖವೊತ್ತಿ ನಿಂತ ರೈತರು! ತನ್ನ ತಂದೆಯ ಹೊಲಮನೆ ಆಕೆಗೆ ಕ್ಷಣಕಾಲ ನೆನಪಾಗಿ ಮರೆಯಾಗುತ್ತದೆ. ಇಡೀ ಪುಸ್ತಕದ ಜೀವ ಆ ಕಿಟಕಿಯಲ್ಲಿದೆಯೆಂದು ನಮಗೆ ತೋರುತ್ತದೆ.

ಮನೆಗೆ ಮರಳಿದ ಎಮ್ಮಾ, ನೆಲದ ಮೇಣ ತಗಲಿ ಹಳದಿಯಾದ ಪಾದರಕ್ಷೆಗಳನ್ನು ಜೋಪಾನವಾಗಿ ಎತ್ತಿಡುತ್ತಾಳೆ. ಅಂದಿನಿಂದ ಮನಸ್ಸು ಮನೆಯಲ್ಲಿ ನಿಲ್ಲದು. ಪರಪುರುಷರ ಸಂಗ, ಜವಳಿ ವ್ಯಾಪಾರಿಯ ಸಾಲ, ಸಾಲಕ್ಕೆ ಸಾಲ, ಕೊನೆಗೆ ವಿಷ. ಗಂಡನೂ ಕೊರಗಿ ಸಾಯುತ್ತಾನೆ. ಮಗಳು ಹತ್ತಿಯ ಗಿರಣಿಗೆ ಕೂಲಿಗೆ ಸೇರುತ್ತಾಳೆ.

ಕಾದಂಬರಿ 1856ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟವಾದಾಗ ಸರಕಾರವು ನೀತಿಗೆಡಿಸುವ ಬರಹವೆಂದು ಮೊಕದ್ದಮೆ ಹೂಡಿತು. 1857ರ ಫೆಬ್ರವರಿ 7ರಂದು ಫ್ಲೋಬೇರನು ಖುಲಾಸೆಯಾದನು. ಪುಸ್ತಕಕ್ಕೆ ಪ್ರಕಾಶಕನಿಂದ ಮೊದಲು ದೊರೆತುದು 800 ಫ್ರಾಂಕುಗಳು. ಮುಂದೆ ಚಕ್ರವರ್ತಿಯ ಅರಮನೆಯ ನೃತ್ಯಕೂಟಕ್ಕೇ ಆತನಿಗೆ ಆಹ್ವಾನ ಬಂದಿತು, ಹೋದನು ಕೂಡ.

ಎಮ್ಮಾಳನ್ನು ಕಾಡಿದ ಸಾಲವು ಕರ್ತನ ಮನೆಗೂ ಬಂದಿತು. 1875ರಲ್ಲಿ ತಂಗಿಯ ಮಗಳ ಗಂಡನು ವ್ಯಾಪಾರದಲ್ಲಿ ಮುಳುಗಿದಾಗ, ಅವರನ್ನುಳಿಸಲು ಫ್ಲೋಬೇರನು ತನ್ನ ಜಮೀನನ್ನು ಮಾರಿದನು. 1879ರಲ್ಲಿ ಸ್ನೇಹಿತರ ಯತ್ನದಿಂದ ಗ್ರಂಥಾಲಯದ ಹೆಸರಿನಲ್ಲಿ ಸಣ್ಣದೊಂದು ಸಂಬಳ ಗೊತ್ತಾಯಿತು. 1880ರ ಮೇ 8ರಂದು ಕ್ರುವಾಸೆಯಲ್ಲಿಯೇ ತೀರಿಕೊಂಡನು. ಆ ಮನೆಯನ್ನು ಮಾರಿ, ಕೆಡವಿ, ಅಲ್ಲಿ ಕಾರಖಾನೆ ಕಟ್ಟಿದರು. ಉಳಿದುದು ನದಿಯ ಬದಿಯ ತೋಟದ ಸಣ್ಣ ಮಂಟಪವೊಂದೇ.