ಮರಳದ ವಿಮಾನಗಳ ಲೆಕ್ಕ

ಸಂಖ್ಯಾಶಾಸ್ತ್ರಜ್ಞ ಏಬ್ರಹಾಂ ವಾಲ್ಡ್ ಅವರು 1902ರ ಅಕ್ಟೋಬರ್ 31ರಂದು, ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಕ್ಲೂಜ್ ನಗರದ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ಶನಿವಾರ ಅವರ ಧರ್ಮದಲ್ಲಿ ವಿಶ್ರಾಂತಿಯ ದಿನ. ಶಾಲೆಗಾದರೋ ಅಂದೂ ಹೋಗಬೇಕಾಗಿತ್ತು. ಆದುದರಿಂದ ಬಾಲಕನ ವಿದ್ಯಾಭ್ಯಾಸ ಮನೆಯಲ್ಲಿಯೇ ನಡೆಯಿತು. 1931ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರೂ, ಯೆಹೂದಿಯೆಂಬ ಕಾರಣದಿಂದ ಅಧ್ಯಾಪಕರ ಹುದ್ದೆ ದೊರೆಯಲಿಲ್ಲ. 1938ರಲ್ಲಿ ಆಸ್ಟ್ರಿಯಾ ನಾಜಿಗಳ ವಶವಾಗಲು ಅವರು ಅಮೆರಿಕಕ್ಕೆ ತೆರಳಿದರು. ಹಿಂದೆ ಉಳಿದ ಬಂಧುಗಳಲ್ಲಿ ಬಹುಮಂದಿ ನಾಜಿಗಳಿಂದ ಹತರಾದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಲ್ಡ್ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಖ್ಯಾಶಾಸ್ತ್ರ ಸಂಶೋಧನ ತಂಡದಲ್ಲಿದ್ದರು. ಬಾಂಬರ್ ವಿಮಾನಗಳು ಶತ್ರುವಿನ ಗುಂಡೇಟು ತಿಂದು ಮರಳುತ್ತಿದ್ದವು. ದುರಸ್ತಿಗೊಂಡು ಮತ್ತೆ ಹಾರುತ್ತಿದ್ದವು. ಇಡೀ ವಿಮಾನಕ್ಕೆ ಕವಚ ತೊಡಿಸಿದರೆ ಭಾರದಿಂದ ಹಾರುವುದೇ ಕಷ್ಟ. ಹಾಗಾದರೆ ಅದರ ದುರ್ಬಲ ಭಾಗ ಯಾವುದು? ರಂಧ್ರಗಳು ಹೆಚ್ಚಾಗಿರುವ ಭಾಗವೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಕಣ್ಣೆದುರಿಗೆ ಇದ್ದವು ಮರಳಿ ಬಂದ ವಿಮಾನಗಳು ಮಾತ್ರ. ಅಲ್ಲಿ ಏಟು ತಿಂದೂ ಅವು ಬದುಕಿ ಬಂದಿವೆ. ಮರಳಿದವುಗಳಲ್ಲಿ ಅಪರೂಪವಾಗಿ ಕಾಣುವ ಏಟೇ ಉಳಿದವನ್ನು ಕೆಡವಿರಬೇಕು.

ವಾಲ್ಡ್ ಅವರು ಇದನ್ನು ಬರಿಯ ಊಹೆಯಾಗಿ ಬಿಡಲಿಲ್ಲ. ಅವರ ಒಂದು ಉದಾಹರಣೆಯಲ್ಲಿ 400 ವಿಮಾನಗಳು ಹೊರಟು 380 ಮರಳುತ್ತವೆ. ಅವುಗಳಲ್ಲಿ 320ಕ್ಕೆ ಏಟೇ ಇಲ್ಲ. 32ಕ್ಕೆ ಒಂದು, 20ಕ್ಕೆ ಎರಡು, ಉಳಿದ 8ಕ್ಕೆ ಮೂರರಿಂದ ಐದು ಏಟುಗಳು. ಏಟು ಬೀಳದ ವಿಮಾನ ಉರುಳದು, ಪ್ರತಿಯೊಂದು ಏಟಿನ ಅಪಾಯವೂ ಸಮಾನ ಎಂದಿಟ್ಟುಕೊಂಡರೆ, 100 ಏಟುಗಳಲ್ಲಿ ಸುಮಾರು 15 ಮಾರಕವೆಂಬುದು ಲೆಕ್ಕದಿಂದ ಹೊರಡುತ್ತದೆ. ಮರಳದ 20 ವಿಮಾನಗಳನ್ನು ಯಾರೂ ಪರೀಕ್ಷಿಸಿಲ್ಲ; ಆದರೂ ಅವು ಲೆಕ್ಕದೊಳಗೆ ಬಂದಿವೆ! ಏಟು ಹೆಚ್ಚಿದಂತೆ ವಿಮಾನ ಬಲಗುಂದಿದರೆ ಉತ್ತರ ಎಷ್ಟು ಬದಲಾದೀತೆಂಬ ಎಲ್ಲೆಗಳನ್ನೂ ಅವರು ಕಂಡುಹಿಡಿದರು. ಈ ಎಚ್ಚರಿಕೆಯೇ ಆ ಕೆಲಸದ ನಿಜವಾದ ಹಿರಿಮೆ. ಸೇನಾಧಿಕಾರಿಗಳೊಡನೆ ಅವರು ವಾದಿಸಿ ಗೆದ್ದರೆಂಬ ಕಥೆ ಜನಪ್ರಿಯವಾಗಿದೆಯಾದರೂ, ಅವರ ಟಿಪ್ಪಣಿಗಳಲ್ಲಿ ಇರುವುದು ಸಮೀಕರಣಗಳು, ಕೋಷ್ಟಕಗಳು.

ತಯಾರಾದ ಸರಕನ್ನು ಒಂದೊಂದಾಗಿ ಪರೀಕ್ಷಿಸುತ್ತ, ಸಾಕಷ್ಟು ಸಾಕ್ಷ್ಯ ದೊರೆತೊಡನೆ ನಿಲ್ಲಿಸುವ ಅನುಕ್ರಮ ವಿಶ್ಲೇಷಣೆಯೂ ಅದೇ ತಂಡದಲ್ಲಿ ರೂಪುಗೊಂಡಿತು. ಇದನ್ನು ಕುರಿತ ಅವರ ಗ್ರಂಥ 1947ರಲ್ಲಿ ಪ್ರಕಟವಾಯಿತು.

1950ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇರೆಗೆ ಉಪನ್ಯಾಸಗಳಿಗಾಗಿ ವಾಲ್ಡ್ ದಂಪತಿಗಳು ನಮ್ಮ ದೇಶಕ್ಕೆ ಬಂದರು. ಡಿಸೆಂಬರ್ 13ರಂದು ಅವರಿದ್ದ ವಿಮಾನ ನೀಲಗಿರಿ ಬೆಟ್ಟಗಳಲ್ಲಿ ಅಪಘಾತಕ್ಕೀಡಾಗಿ ಇಬ್ಬರೂ ಮಡಿದರು. ವಾಲ್ಡ್ ಅವರಿಗೆ ಆಗ 48 ವರ್ಷ. ವಿಮಾನಗಳನ್ನು ಕುರಿತ ಅವರ ಎಂಟು ಟಿಪ್ಪಣಿಗಳು 1980ರಲ್ಲಿ ಅಮೆರಿಕದಲ್ಲಿ ಪುನರ್ಮುದ್ರಣಗೊಂಡವು.